ಟಿಕ್ ಟಿಕ್ ಅನ್ನುವ ಹಾರ್ಡ್ ಡಿಸ್ಕ್: ನಾನೇ ಬದಲಾಯಿಸಬಹುದಾ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ. 2017ರಲ್ಲಿ ಕೊಂಡ 15 ಇಂಚಿನ ಲ್ಯಾಪ್‌ಟಾಪ್ ಇದೆ. ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಈಗ ಆನ್ ಆಗುವುದಕ್ಕೇ ಏಳೆಂಟು ನಿಮಿಷ ಬೇಕು. ಒಂದು ತಿಂಗಳಿಂದ ಎಡಗೈ ಇಡುವ ಜಾಗದಲ್ಲಿ ಆಗಾಗ ಟಿಕ್ ಟಿಕ್ ಸದ್ದು, ಆಗ ಎಲ್ಲ ನಿಂತುಬಿಡುತ್ತದೆ. ಅಂಗಡಿಯವರು ಹಾರ್ಡ್ ಡಿಸ್ಕ್ ಬದಲಾಯಿಸಬೇಕು, ಎರಡು ದಿನ ಬಿಟ್ಟು ಹೋಗಿ ಅಂದರು. ಮಗ 'ವಿಡಿಯೊ ನೋಡಿಕೊಂಡು ನಾವೇ ಮಾಡೋಣ ಅಮ್ಮ' ಅನ್ನುತ್ತಾನೆ. ನಾನು ಇದುವರೆಗೆ ಬಿಚ್ಚಿರುವುದು ಮಿಕ್ಸಿ ಮಾತ್ರ. ನುಡಿಯಲ್ಲಿ ಟೈಪ್ ಮಾಡಿದ ಎಂಟು ಹತ್ತು ವರ್ಷದ ಪ್ರಶ್ನೆಪತ್ರಿಕೆ, ನೋಟ್ಸ್, ಮಗನ ಫೋಟೊ ಎಲ್ಲ ಅದರಲ್ಲೇ ಇವೆ. ಮುಖ್ಯವಾದದ್ದನ್ನು ಡಿ ಡ್ರೈವ್‌ನಲ್ಲಿ ಇಟ್ಟಿದ್ದೇನೆ, ಹಾಗಾಗಿ ಆ ಚಿಂತೆ ಇಲ್ಲ. ನಾನೇ ಬದಲಾಯಿಸಬಹುದಾ? ಶಾಲೆಯಲ್ಲೂ ಇಂಥವೇ ಎರಡು ನಿಧಾನವಾಗಿ ಬಿದ್ದಿವೆ. ನನ್ನದು ಸರಿಹೋದರೆ ಅವನ್ನೂ ಮಾಡಿಬಿಡಬಹುದಾ?

ಉತ್ತರ: ಮೇಡಂ, ಬಿಚ್ಚಿದ ಮಿಕ್ಸಿ ವಾಪಸ್ ಜೋಡಿಸಿದ ಮೇಲೆ ತಿರುಗಿತು ತಾನೆ? ಹಾಗಾದರೆ ಇದೂ ನಿಮ್ಮ ಕೈಲಾಗುತ್ತದೆ. ಹತ್ತು ಹನ್ನೆರಡು ಸ್ಕ್ರೂ, ಒಂದು ಕನೆಕ್ಟರ್, ಅಷ್ಟೇ ಕೆಲಸ. ಮೊದಲ ಸಲ ಅಂದರೂ ಒಂದು ಗಂಟೆ ಸಾಕು. ಆದರೆ ಆ ಒಂದು ಗಂಟೆ ಎಲ್ಲ ಮುಗಿದ ಮೇಲೆ ಬರಬೇಕು. ನೀವು ಕೇಳಿದ್ದು ಸ್ಕ್ರೂಡ್ರೈವರ್ ವಿಷಯ. ನನಗೆ ದಿಗಿಲಾಗಿದ್ದು ಟಿಕ್ ಟಿಕ್ ಮತ್ತು ಡಿ ಡ್ರೈವ್ ಎಂಬ ಎರಡು ಮಾತು ಓದಿ.

ಡಿ ಡ್ರೈವ್ ವಿಷಯ ಮೊದಲು ಹೇಳಿಬಿಡುತ್ತೇನೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇರುವುದು ಒಂದೇ ಡಿಸ್ಕ್. ಸಿ ಮತ್ತು ಡಿ ಅದೇ ಡಿಸ್ಕಿನ ಎರಡು ಭಾಗ, ಒಂದೇ ಬೀರುವಿನ ಎರಡು ಖಾನೆ ಇದ್ದ ಹಾಗೆ. ವಿಂಡೋಸ್ ಕೆಟ್ಟು ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡಿದಾಗ ಡಿ ಉಳಿಯುತ್ತದೆ, ನಿಜ. ಅಂಗಡಿಯವರು 'ಡೀಲಿ ಹಾಕಿಡಿ' ಅಂತ ಹೇಳುವುದು ಅದಕ್ಕೇ. ಆದರೆ ಬೀರುವಿಗೇ ಗೆದ್ದಲು ಹತ್ತಿದರೆ ಮೇಲಿನ ಖಾನೆ ಯಾವುದು, ಕೆಳಗಿನದು ಯಾವುದು? ನಿಮ್ಮ ಪ್ರಶ್ನೆಪತ್ರಿಕೆಗಳು ಈಗ ಇರುವುದು ಒಂದೇ ಜಾಗದಲ್ಲಿ. ಆ ಜಾಗ ಟಿಕ್ ಟಿಕ್ ಅನ್ನುತ್ತಿದೆ.

ಆ ಸದ್ದು ಏನು ಅಂತ ತಿಳಿದುಕೊಂಡರೆ ಆತುರ ಯಾಕೆ ಅಂತ ಗೊತ್ತಾಗುತ್ತದೆ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆ ಇರುತ್ತದೆ. ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಅದರ ಮೇಲೆ ಹಳೆಯ ಗ್ರಾಮಫೋನಿನ ಕೈಯಂಥ ಒಂದು ಪುಟ್ಟ ಕೈ. ಕೈಯ ತುದಿಯಲ್ಲಿರುವ ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ, ಗಾಳಿಯ ಮೇಲೆ ತೇಲುತ್ತದೆ. ನಡುವಿನ ಅಂತರವನ್ನು ನ್ಯಾನೊಮೀಟರ್‌ನಲ್ಲಿ ಅಳೆಯಬೇಕು. ಒಂದು ಧೂಳಿನ ಕಣ ಅಲ್ಲಿ ಗುಡ್ಡ ಇದ್ದ ಹಾಗೆ. ಓದಬೇಕಾದ ಜಾಗ ಓದಲು ಸಿಗದಿದ್ದರೆ ಈ ಕೈ ಹಿಂದಕ್ಕೆ ಹೋಗಿ ಮತ್ತೆ ಬರುತ್ತದೆ, ಮತ್ತೆ ಹೋಗಿ ಮತ್ತೆ ಬರುತ್ತದೆ. ನಿಮಗೆ ಕೇಳಿಸುತ್ತಿರುವುದು ಹೆಚ್ಚಿನ ಮಟ್ಟಿಗೆ ಅದೇ. ಸುಮ್ನೆ ಕೂತಿರುವಾಗ ಒಮ್ಮೆ ಟಕ್ ಅಂದು ಸುಮ್ಮನಾದರೆ ಅದು ಹೆಡ್ ತನ್ನ ಜಾಗಕ್ಕೆ ಹೋಗಿ ನಿಂತ ಸದ್ದು, ಅದಕ್ಕೆ ಹೆದರಬೇಕಿಲ್ಲ. ಫೈಲ್ ತೆರೆಯುವಾಗ ಎಲ್ಲ ಸ್ತಬ್ಧವಾಗಿ ಟಿಕ್ ಟಿಕ್ ಅಂದರೆ ಹೆದರಬೇಕು. ನೀವು ಬರೆದಿರುವುದು ಎರಡನೆಯದನ್ನು.

ಹಾಗಾಗಿ ಇವತ್ತೇ ಕಾಪಿ ಶುರು ಮಾಡಿ. ಡಿಸ್ಕಿನ ಆರೋಗ್ಯ ಪರೀಕ್ಷೆ, ವೈರಸ್ ಸ್ಕ್ಯಾನ್, ಡಿಫ್ರಾಗ್ (ಡಿಸ್ಕಿನಲ್ಲಿ ಚದುರಿದ ಫೈಲಿನ ತುಣುಕುಗಳನ್ನು ಒಟ್ಟಿಗೆ ಜೋಡಿಸುವುದು) ಯಾವುದೂ ಬೇಡ. ಸಾಯುತ್ತಿರುವ ಡಿಸ್ಕಿಗೆ ಕೊಡುವ ಪ್ರತಿ ಕೆಲಸವೂ ಅದರ ಉಳಿದ ಉಸಿರನ್ನು ಖರ್ಚು ಮಾಡುತ್ತದೆ. ಆ ಉಸಿರು ನಿಮ್ಮ ಫೈಲುಗಳಿಗೆ ಹೋಗಲಿ.

ಯಾವುದು ಮೊದಲು? ಮತ್ತೆ ಸಿಗದೇ ಇರುವುದು ಮೊದಲು. ನಿಮ್ಮ ಪ್ರಶ್ನೆಪತ್ರಿಕೆ, ನೋಟ್ಸ್ ಎಲ್ಲ ಸೇರಿದರೂ ಒಂದೆರಡು ಜಿಬಿ ದಾಟುವುದು ಅನುಮಾನ. ಅವು ಒಂದು ಪೆನ್ ಡ್ರೈವ್‌ಗೆ ಹೋಗಲಿ, ಜೊತೆಗೆ ಗೂಗಲ್ ಡ್ರೈವ್‌ಗೂ ಹೋಗಲಿ. 15 ಜಿಬಿ ತನಕ ಅಲ್ಲಿ ಪುಕ್ಕಟೆ. ಆಮೇಲೆ ಫೋಟೊ, ವಿಡಿಯೊ. ಇವು ಪೆನ್ ಡ್ರೈವ್‌ನಲ್ಲಿ ಹಿಡಿಸಲ್ಲ, ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಬೇಕು. ಸಹೋದ್ಯೋಗಿಗಳ ಹತ್ತಿರ ಇದ್ದರೆ ಒಂದು ವಾರಕ್ಕೆ ಕೇಳಿ ತನ್ನಿ. ಸಿನಿಮಾ, ಹಾಡು, ಡೌನ್‌ಲೋಡ್ ಮಾಡಿದ ಸಾಫ್ಟ್‌ವೇರ್ ಕೊನೆಗೆ. ಬರದಿದ್ದರೂ ನಷ್ಟ ಇಲ್ಲ.

ಇಡೀ ಡಿ ಡ್ರೈವ್ ಆಯ್ಕೆ ಮಾಡಿ ಒಮ್ಮೆಗೇ ಕಾಪಿ ಕೊಡಬೇಡಿ. ಒಂದೊಂದು ಫೋಲ್ಡರ್ ಆಗಿ ಕೊಡಿ. ಕೆಟ್ಟ ಜಾಗದಲ್ಲಿರುವ ಒಂದು ಫೈಲ್ ಸಿಕ್ಕಿಹಾಕಿಕೊಂಡರೆ 'ಸ್ಕಿಪ್' ಒತ್ತಿ ಮುಂದೆ ಹೋಗಿ. ಆ ಒಂದು ಫೈಲಿಗಾಗಿ ಹತ್ತು ಸಲ ಪ್ರಯತ್ನಿಸುತ್ತಾ ಕೂತರೆ ಉಳಿದ ಸಾವಿರ ಫೈಲು ಕಳೆದುಕೊಳ್ಳುತ್ತೀರಿ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಇರುವ ಗ್ಯಾರಂಟಿ ಇಲ್ಲ, ಇಷ್ಟು ವರ್ಷದ ಬ್ಯಾಟರಿಯೂ ಹತ್ತು ನಿಮಿಷಕ್ಕೆ ಕೈಕೊಡಬಹುದು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಪ್ಲಗ್‌ಗೇ ಹಾಕಿಕೊಂಡು ಕಾಪಿ ಮಾಡಿ. ಮುಗಿದ ಮೇಲೆ ಹೊಸ ಜಾಗದಿಂದಲೇ ನಾಲ್ಕಾರು ಫೈಲ್ ತೆರೆದು ನೋಡಿ. ಹೆಸರು ಕಂಡರೆ ಫೈಲು ಬಂದಿದೆ ಅಂತ ಅರ್ಥ ಅಲ್ಲ.

ಡಿ ಡ್ರೈವ್ ಆದ ಮೇಲೆ ಸಿ ಡ್ರೈವ್ ಮರೆಯಬೇಡಿ. ಡೆಸ್ಕ್‌ಟಾಪ್ ಮೇಲೆ ಇಟ್ಟ ಫೈಲು, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲ ಇರುವುದು ಸಿ ಡ್ರೈವ್‌ನ 'ಯೂಸರ್ಸ್' ಫೋಲ್ಡರ್‌ನಲ್ಲಿ, ನಿಮ್ಮ ಹೆಸರಿನ ಕೆಳಗೆ. ಡೆಸ್ಕ್‌ಟಾಪ್ ತುಂಬ ಫೈಲ್ ಹರವಿಕೊಂಡಿರುವವರು ಶಿಕ್ಷಕರೇ ಜಾಸ್ತಿ. ಅನುಭವದಿಂದ ಹೇಳುತ್ತಿದ್ದೇನೆ, ನನ್ನ ಹೆಂಡತಿಯೂ ಟೀಚರ್.

ನುಡಿಯ ವಿಷಯ ಬೇರೆಯಾಗಿಯೇ ಹೇಳಬೇಕು, ಇಂಗ್ಲಿಷ್ ವಿಡಿಯೊಗಳಲ್ಲಿ ಇದನ್ನು ಯಾರೂ ಹೇಳಿರುವುದಿಲ್ಲ. ನೀವು ಯೂನಿಕೋಡ್‌ನಲ್ಲಿ, ಅಂದರೆ ಕನ್ನಡದ ಅಕ್ಷರಗಳಿಗೆ ಎಲ್ಲ ಕಡೆ ಒಂದೇ ಸಂಕೇತ ಇರುವ ಪದ್ಧತಿಯಲ್ಲಿ, ಟೈಪ್ ಮಾಡಿದ್ದರೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ. ಆದರೆ ಹಳೆಯ ನುಡಿ, ಬರಹದ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲು ಹಾಗಲ್ಲ. ಆ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳೇ. ಫಾಂಟು ಅದಕ್ಕೆ ಕನ್ನಡದ ಅಂಗಿ ತೊಡಿಸುತ್ತದೆ. ಹೊಸ ಡಿಸ್ಕಿನಲ್ಲಿ ಆ ಫಾಂಟು ಇಲ್ಲದಿದ್ದರೆ ನಿಮ್ಮ ಪ್ರಶ್ನೆಪತ್ರಿಕೆ ತುಂಬ ತಲೆ ಮೇಲೆ ಚುಕ್ಕೆ, ಕೊಂಬು, ಗೆರೆ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ ಕಾಣುತ್ತದೆ. ಫೈಲು ಹಾಳಾಯಿತು ಅಂತ ಅತ್ತವರನ್ನು ನೋಡಿದ್ದೇನೆ. ಹಾಳಾಗಿರುವುದಿಲ್ಲ, ಫಾಂಟು ಹಾಕಿದ ತಕ್ಷಣ ಸರಿಹೋಗುತ್ತದೆ. ಆದರೂ ಸಿ ಡ್ರೈವ್, 'ವಿಂಡೋಸ್', ಅದರೊಳಗೆ 'ಫಾಂಟ್ಸ್' ಫೋಲ್ಡರ್‌ಗೆ ಹೋಗಿ, ನುಡಿ ಅಂತ ಶುರುವಾಗುವ ಫಾಂಟುಗಳನ್ನೆಲ್ಲ ಪೆನ್ ಡ್ರೈವ್‌ಗೆ ಕಾಪಿ ಮಾಡಿಟ್ಟುಕೊಳ್ಳಿ. ನಿಮ್ಮ ಹತ್ತಿರ ಇರುವ ನುಡಿ ಯಾವ ಆವೃತ್ತಿ ಅಂತಲೂ ಬರೆದಿಟ್ಟುಕೊಳ್ಳಿ. ಹಾಗೇ ಎಂಎಸ್ ಆಫೀಸ್ ಲ್ಯಾಪ್‌ಟಾಪ್ ಜೊತೆಗೇ ಬಂದಿದ್ದರೆ, ಅದು ಯಾವ ಇಮೇಲ್ ಖಾತೆಗೆ ಸೇರಿದೆ ಅಂತ ಈಗಲೇ ನೋಡಿ. ಆಮೇಲೆ ಅದೇ ಇಮೇಲ್ ಹಾಕಿ ಮತ್ತೆ ಇಳಿಸಿಕೊಳ್ಳಬೇಕು.

ಕಾಪಿ ಮುಗಿಯಿತಾ? ಈಗ ಬೇಕಾದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ಡಿಸ್ಕಿನ ನಾಡಿ ನೋಡಿ. ನೀಲಿ ಇದ್ದರೆ ಆರೋಗ್ಯ, ಹಳದಿ ಇದ್ದರೆ ಎಚ್ಚರಿಕೆ, ಕೆಂಪಾದರೆ ಕೈಬಿಟ್ಟಿದೆ ಅಂತ. ಅದರಲ್ಲಿ 05, ಸಿ5, ಸಿ6 ಎಂಬ ಮೂರು ಸಾಲು ಮುಖ್ಯ. 05 ಅಂದರೆ ಕೆಟ್ಟುಹೋಗಿ ಬದಲಿ ಜಾಗ ಕೊಟ್ಟಿರುವ ಸೆಕ್ಟರುಗಳು (ತಟ್ಟೆಯ ಮೇಲಿನ ಪುಟ್ಟ ಪುಟ್ಟ ಭಾಗಗಳು), ಸಿ5 ಅಂದರೆ ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವವು, ಸಿ6 ಅಂದರೆ ಸರಿಪಡಿಸಲು ಆಗದವು. ಸೊನ್ನೆ ಬಿಟ್ಟು ಬೇರೆ ಅಂಕಿ ಬರುತ್ತಿದ್ದು, ಅದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಕಥೆ ಮುಗಿಯಿತು. ಹಳದಿ ಬಂದರೆ ಆಶ್ಚರ್ಯ ಪಡಬೇಡಿ. ನೀಲಿ ಬಂದರೂ ಆ ಡಿಸ್ಕನ್ನು ನಾನಂತೂ ನಂಬಲ್ಲ.

ಇನ್ನು ಏನು ಕೊಳ್ಳಬೇಕು. ಹಾರ್ಡ್ ಡಿಸ್ಕ್ ಜಾಗಕ್ಕೆ ಮತ್ತೆ ಹಾರ್ಡ್ ಡಿಸ್ಕ್ ಹಾಕುವ ಕಾಲ ಹೋಯಿತು. ಎಸ್‌ಎಸ್‌ಡಿ ತಗೊಳ್ಳಿ. ಅದರಲ್ಲಿ ತಿರುಗುವ ತಟ್ಟೆ ಇಲ್ಲ, ಓಡಾಡುವ ಕೈ ಇಲ್ಲ, ಎಲ್ಲ ಚಿಪ್. ನಿಮ್ಮ ಏಳೆಂಟು ನಿಮಿಷದ ಕಾಯುವಿಕೆಗೆ ಬರೀ ಕೆಟ್ಟ ಸೆಕ್ಟರು ಕಾರಣವಲ್ಲ. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಸಣ್ಣ ಫೈಲು ಓದುತ್ತದೆ. ಪ್ರತಿ ಸಲವೂ ಆ ಕೈ ಓಡಬೇಕು, ತಟ್ಟೆ ತಿರುಗಿ ಬರುವ ತನಕ ಕಾಯಬೇಕು. ಒಂದು ಸುತ್ತಿಗೇ 11 ಮಿಲಿಸೆಕೆಂಡ್. ಎಸ್‌ಎಸ್‌ಡಿಯಲ್ಲಿ ಈ ಓಡಾಟವೇ ಇಲ್ಲ. ಹಳೆಯ ಐ3ನಲ್ಲೂ ಆನ್ ಆಗುವುದು ನಿಮಿಷಗಳಿಂದ ಸೆಕೆಂಡುಗಳಿಗೆ ಇಳಿಯುತ್ತದೆ. ಲ್ಯಾಪ್‌ಟಾಪಿಗೆ ಖರ್ಚು ಮಾಡಿದ ದುಡ್ಡಿಗೆ ಇಷ್ಟು ಸಂತೋಷ ಕೊಡುವುದು ಬೇರೆ ಯಾವುದೂ ಇಲ್ಲ.

ಅಂಗಡಿಯಲ್ಲಿ 'ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ' ಅಂತಲೇ ಕೇಳಿ. ಸಾಟಾ ಅಂದರೆ ನಿಮ್ಮ ಹಾರ್ಡ್ ಡಿಸ್ಕಿಗೆ ಇರುವಂಥದ್ದೇ ಕನೆಕ್ಟರ್. ಬರೀ ಎಸ್‌ಎಸ್‌ಡಿ ಅಂದರೆ ಚ್ಯೂಯಿಂಗ್ ಗಮ್ ಪಟ್ಟಿಯಂಥ ಎಂ.2 ಕೊಟ್ಟು ಕಳಿಸಬಹುದು. ನಿಮ್ಮ ಹಾರ್ಡ್ ಡಿಸ್ಕ್ ಇರುವ ಜಾಗಕ್ಕೆ ಅದು ಕೂರುವುದಿಲ್ಲ. ಕೆಲವು 2017ರ ಮಾದರಿಗಳಲ್ಲಿ ಎಂ.2 ಜಾಗವೂ ಬೇರೆ ಇರುತ್ತದೆ, ಆದರೆ ಮೊದಲ ಸಲಕ್ಕೆ ಆ ಗೊಂದಲ ಬೇಡ. ಎರಡೂವರೆ ಇಂಚಿನ ಎಸ್‌ಎಸ್‌ಡಿ 7 ಮಿ.ಮೀ. ದಪ್ಪ ಇರುತ್ತದೆ. ನಿಮ್ಮ ಹಳೆಯದು 9.5 ಮಿ.ಮೀ. ಇದ್ದರೂ ತೊಂದರೆ ಇಲ್ಲ, ಅದನ್ನು ಹಿಡಿದು ನಿಲ್ಲಿಸುವುದು ಪಕ್ಕದ ಸ್ಕ್ರೂಗಳು. ಸಾಟಾದಲ್ಲಿ ವೇಗ ಸೆಕೆಂಡಿಗೆ ಸುಮಾರು 550 ಎಂಬಿಗೆ ನಿಲ್ಲುತ್ತದೆ, ಹಾಗಾಗಿ ಡಬ್ಬದ ಮೇಲಿನ ವೇಗ ನೋಡಿ ಜಾಸ್ತಿ ದುಡ್ಡು ಕೊಡಬೇಡಿ. ಹೆಸರಿರುವ ಕಂಪನಿಯದು, ಮೂರು ಅಥವಾ ಐದು ವರ್ಷದ ವಾರಂಟಿ, ಬಿಲ್ಲು. ಇಷ್ಟು ನೋಡಿದರೆ ಸಾಕು. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರೋಡಿನಲ್ಲಿ ನಾಲ್ಕು ಅಂಗಡಿ ವಿಚಾರಿಸಿ ತರಿಸಬಹುದು. ಅಲ್ಲೂ ಬಿಲ್ಲಿಲ್ಲದೆ ತರಬೇಡಿ ಅಂತ ಹೇಳಿ ಕಳಿಸಿ. ನಂಬಲಾಗದಷ್ಟು ಅಗ್ಗಕ್ಕೆ 2 ಟಿಬಿ ಅಂತ ಆನ್‌ಲೈನ್‌ನಲ್ಲಿ ಕಂಡರೆ ಅದರ ಒಳಗೆ ಇರುವುದು ಮೆಮೊರಿ ಕಾರ್ಡೋ ಪೆನ್ ಡ್ರೈವಿನ ಚಿಪ್ಪೋ ಆಗಿರುತ್ತದೆ.

ಎಷ್ಟು ಜಿಬಿ? ಹಳೆಯದು 1 ಟಿಬಿ ಅಂತ ಹೊಸದೂ 1 ಟಿಬಿ ಆಗಬೇಕಿಲ್ಲ. ತುಂಬಿರುವುದು ಎಷ್ಟು ಅಂತ ನೋಡಿ. 200 ಜಿಬಿ ಒಳಗಿದ್ದರೆ 480 ಅಥವಾ 512 ಧಾರಾಳವಾಯಿತು. ಹಾಕಿದ ಮೇಲೆ 480 ಇದ್ದದ್ದು 447 ಕಾಣುತ್ತದೆ, 512 ಇದ್ದದ್ದು 476 ಕಾಣುತ್ತದೆ. ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬೇಡಿ. ಕಂಪನಿ 1000ದ ಲೆಕ್ಕದಲ್ಲಿ ಅಳೆಯುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ನಿಮ್ಮ 1 ಟಿಬಿಯೂ 931 ಅಂತಲೇ ತೋರಿಸುತ್ತಿರುತ್ತದೆ, ನೋಡಿ.

ಜೊತೆಗೆ ಒಂದು ಸಾಟಾ-ಯುಎಸ್‌ಬಿ ಕೇಬಲ್, ಒಂದು ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, 8 ಜಿಬಿಯ ಖಾಲಿ ಪೆನ್ ಡ್ರೈವ್. ಕೇಬಲ್ ಯಾಕೆ ಅಂದರೆ, ಮರೆತ ಫೈಲ್ ಏನಾದರೂ ನೆನಪಾದರೆ ಹಳೆಯ ಡಿಸ್ಕನ್ನು ಪೆನ್ ಡ್ರೈವ್‌ನಂತೆ ಹೊರಗಿನಿಂದಲೇ ಚುಚ್ಚಿ ನೋಡಬಹುದು. ಲ್ಯಾಪ್‌ಟಾಪ್ ಡಿಸ್ಕ್ 5 ವೋಲ್ಟಿನಲ್ಲೇ ನಡೆಯುವುದರಿಂದ ಬೇರೆ ಅಡಾಪ್ಟರ್ ಬೇಕಿಲ್ಲ.

ಮಗ 'ಕ್ಲೋನ್' ಮಾಡೋಣ ಅನ್ನಬಹುದು. ಹಳೆಯ ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ಹೊಸದಕ್ಕೆ ಇಳಿಸುವುದು ಅದು. ಡಿಸ್ಕ್ ಗಟ್ಟಿಮುಟ್ಟಾಗಿದ್ದು ಬರೀ ವೇಗಕ್ಕಾಗಿ ಬದಲಾಯಿಸುವವರಿಗೆ ಅದು ಒಳ್ಳೆಯ ದಾರಿ. ನಿಮಗೆ ಬೇಡ. ಕ್ಲೋನ್ ಅಂದರೆ ಗಂಟೆಗಟ್ಟಲೆ ಎಡೆಬಿಡದೆ ಓದುವುದು, ಟಿಕ್ ಟಿಕ್ ಡಿಸ್ಕ್ ಅರ್ಧದಲ್ಲೇ ಮಲಗಬಹುದು. ಎಷ್ಟೋ ವರ್ಷದ ಕಸವೂ ಹೊಸ ಮನೆಗೆ ಬರುತ್ತದೆ. ಹೊಸದಾಗಿ ವಿಂಡೋಸ್ ಹಾಕಿ.

ವಿಂಡೋಸ್ ಪೆನ್ ಡ್ರೈವ್ ತಯಾರು ಮಾಡುವುದು ಲ್ಯಾಪ್‌ಟಾಪ್ ಬಿಚ್ಚುವುದಕ್ಕೆ ಮೊದಲು. ಬಿಚ್ಚಿಟ್ಟುಕೊಂಡ ಮೇಲೆ 'ಅಯ್ಯೋ, ಈಗ ಎಲ್ಲಿ ಮಾಡೋದು' ಅಂತ ಪಕ್ಕದ ಮನೆಗೆ ಓಡುವವರೇ ಜಾಸ್ತಿ. ಮೈಕ್ರೋಸಾಫ್ಟ್‌ನ ಜಾಲತಾಣದಲ್ಲಿ 'ಮೀಡಿಯಾ ಕ್ರಿಯೇಷನ್ ಟೂಲ್' ಸಿಗುತ್ತದೆ, ಅದೇ ಎಲ್ಲ ಮಾಡಿಕೊಡುತ್ತದೆ. ಪೆನ್ ಡ್ರೈವ್‌ನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಪ್ರಶ್ನೆಪತ್ರಿಕೆ ಹಾಕಿಟ್ಟ ಪೆನ್ ಡ್ರೈವನ್ನೇ ಚುಚ್ಚಿಬಿಟ್ಟೀರಿ! ವಿಂಡೋಸ್ 10ಕ್ಕೆ ಮಾಮೂಲಿ ಸುರಕ್ಷತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. 2017ರ ಐ3 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ಹೊಸ ಡಿಸ್ಕ್ ಈ ತೊಡಕನ್ನು ಬಿಡಿಸುವುದಿಲ್ಲ. ನುಡಿ ಮತ್ತು ಆಫೀಸ್ ನಿಮ್ಮ ಮುಖ್ಯ ಕೆಲಸ ಆದ್ದರಿಂದ ವಿಂಡೋಸ್ 10 ಇಟ್ಟುಕೊಳ್ಳಿ ಅನ್ನುತ್ತೇನೆ, ಬ್ಯಾಂಕಿನ ವ್ಯವಹಾರ ಮಾತ್ರ ಅದರಲ್ಲಿ ಬೇಡ.

ಈಗ ಬಿಚ್ಚೋಣ.

ಶಟ್‌ಡೌನ್ ಮಾಡುವಾಗ ಶಿಫ್ಟ್ ಕೀ ಒತ್ತಿ ಹಿಡಿದು ಮಾಡಿ. ಇಲ್ಲದಿದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿ ಇರುತ್ತದೆ. ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗಿನಿಂದ ತೆಗೆಯುವಂಥದ್ದಾದರೆ ಅದನ್ನೂ ತೆಗೆದು, ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಕರೆಂಟು ಇಳಿದುಹೋಗುತ್ತದೆ. ಬ್ಯಾಟರಿ ಒಳಗಿದ್ದರೆ ಮುಚ್ಚಳ ತೆಗೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಅದರ ಕನೆಕ್ಟರ್ ಬಿಡಿಸುವುದು. ಸಿಂಥೆಟಿಕ್ ಸೀರೆ, ಉಣ್ಣೆ ಸ್ವೆಟರ್, ಕಂಬಳಿ ಹತ್ತಿರ ಬೇಡ, ಮೈಯಲ್ಲಿ ವಿದ್ಯುತ್ ಸೇರಿಕೊಂಡು ಚಿಪ್‌ಗಳಿಗೆ ತಾಗಬಹುದು. ಕೂರುವ ಮುಂಚೆ ಕಿಟಕಿಯ ಸರಳಿನಂಥ ಕಬ್ಬಿಣ ಒಮ್ಮೆ ಮುಟ್ಟಿ.

ಮಾದರಿಯ ಹೆಸರು ತಳದ ಸ್ಟಿಕ್ಕರಿನಲ್ಲಿ ಇರುತ್ತದೆ. ಡೆಲ್, ಎಚ್‌ಪಿ, ಲೆನೊವೊ ಮೂರೂ ಕಂಪನಿಗಳು ಬಿಚ್ಚುವ ಕೈಪಿಡಿಯನ್ನು ಪುಕ್ಕಟೆ ಇಟ್ಟಿವೆ. ವಿಡಿಯೊ ನೋಡಿದರೂ ಈ ಕೈಪಿಡಿಯ ಚಿತ್ರ ಮೊಬೈಲಿನಲ್ಲಿ ತೆರೆದಿಟ್ಟುಕೊಳ್ಳಿ. ಎಷ್ಟು ಸ್ಕ್ರೂ, ಯಾವುದು ಎಲ್ಲಿ ಅಂತ ಅದರಲ್ಲಿ ಇರುತ್ತದೆ.

ಸ್ಕ್ರೂ ಹಾಕಿಡಲು ಇಡ್ಲಿ ತಟ್ಟೆ ತನ್ನಿ. ತಮಾಷೆ ಅಲ್ಲ. ನಾನು ಮೊದಲ ಸಲ ಅಣ್ಣನ ಲ್ಯಾಪ್‌ಟಾಪ್ ಬಿಚ್ಚಿದಾಗ ಎಲ್ಲ ಸ್ಕ್ರೂ ಒಂದೇ ಲೋಟಕ್ಕೆ ಹಾಕಿದ್ದೆ. ನೋಡಲು ಎಲ್ಲವೂ ಒಂದೇ ಥರ. ಮುಚ್ಚುವಾಗ ಉದ್ದದ ಸ್ಕ್ರೂ ಗಿಡ್ಡದರ ತೂತಿಗೆ ಹೋಯಿತು. ಬಿಗಿ ಅನ್ನಿಸಿತು, ಇನ್ನೊಂದು ಸುತ್ತು ತಿರುಗಿಸಿದೆ. ಲ್ಯಾಪ್‌ಟಾಪ್ ತಿರುಗಿಸಿ ನೋಡಿದರೆ ಅಂಗೈ ಇಡುವ ಜಾಗದಲ್ಲಿ ಪ್ಲಾಸ್ಟಿಕ್ಕು ಮೊಡವೆಯ ಹಾಗೆ ಉಬ್ಬಿತ್ತು. ಅಣ್ಣ ಅದನ್ನು ಮಾರುವ ತನಕ, ಬಂದವರಿಗೆಲ್ಲ ಬೆರಳಿಟ್ಟು ತೋರಿಸಿದ. ಇಡ್ಲಿ ತಟ್ಟೆಯ ಒಂದೊಂದು ಗುಳಿಗೂ ಒಂದೊಂದು ಭಾಗದ ಸ್ಕ್ರೂ. ಹಿಂದಿನ ಸಾಲಿನವು ಒಂದರಲ್ಲಿ, ಮುಂದಿನವು ಇನ್ನೊಂದರಲ್ಲಿ, ಡಿವಿಡಿ ಡ್ರೈವಿನದು ಬೇರೆ.

ನಿಮ್ಮದು 15 ಇಂಚು ಆದ್ದರಿಂದ ಡಿವಿಡಿ ಡ್ರೈವ್ ಇರಬಹುದು. ಅದನ್ನು ಸಾಮಾನ್ಯವಾಗಿ ಒಂದೇ ಸ್ಕ್ರೂ ಹಿಡಿದಿರುತ್ತದೆ. ತೆಗೆದು ಪಕ್ಕಕ್ಕೆ ಎಳೆದರೆ ಡ್ರಾಯರಿನಂತೆ ಬರುತ್ತದೆ. ಅದರ ಹಿಂದೆ ಅಂಚಿನಲ್ಲಿ ಇನ್ನೆರಡು ಪುಟ್ಟ ಸ್ಕ್ರೂ ಅಡಗಿರಬಹುದು. ಕೆಲವು ಮಾದರಿಗಳಲ್ಲಿ ತಳದ ರಬ್ಬರ್ ಪಾದದ ಕೆಳಗೂ ಇರುತ್ತವೆ. ಮುಚ್ಚಳ ಏಳುತ್ತಿಲ್ಲ ಅಂದರೆ ಎಲ್ಲೋ ಒಂದು ಸ್ಕ್ರೂ ಉಳಿದಿದೆ ಅಂತಲೇ ಅರ್ಥ. ಬಲ ಹಾಕಬೇಡಿ, ಹುಡುಕಿ.

ಸ್ಕ್ರೂ ಮುಗಿದ ಮೇಲೂ ಮುಚ್ಚಳವನ್ನು ಒಳಗಿನ ಪ್ಲಾಸ್ಟಿಕ್ ಕೊಕ್ಕೆಗಳು ಹಿಡಿದಿರುತ್ತವೆ. ಚಾಕು, ಸ್ಕ್ರೂಡ್ರೈವರ್ ತೂರಿಸಬೇಡಿ. ಅವಧಿ ಮುಗಿದ ಎಟಿಎಂ ಕಾರ್ಡು ಸಾಕು. ಒಂದು ಮೂಲೆಯಲ್ಲಿ ಸಂದಿಗೆ ತೂರಿಸಿ, ಹಲಸಿನ ಸೊಳೆ ಬಿಡಿಸುವ ಹಾಗೆ ನಿಧಾನಕ್ಕೆ ಅಂಚಿನುದ್ದಕ್ಕೂ ಸರಿಸಿ. ಟಕ್, ಟಕ್ ಅಂತ ಕೊಕ್ಕೆ ಬಿಡುವ ಸದ್ದು ಕೇಳುತ್ತದೆ. ಮೊದಲ ಟಕ್‌ಗೆ ಎಲ್ಲರ ಎದೆಯೂ ಧಸಕ್ ಅನ್ನುತ್ತದೆ. ಮುರಿದಿಲ್ಲ, ಮುಂದುವರಿಯಿರಿ. ಮುಚ್ಚಳ ಎದ್ದ ಕೂಡಲೇ ಪೂರ್ತಿ ಎತ್ತಬೇಡಿ. ಒಂದು ಇಂಚು ಎತ್ತಿ, ಒಳಗೆ ರಿಬ್ಬನ್ ಕೇಬಲ್ ಏನಾದರೂ ಅಂಟಿಕೊಂಡಿದೆಯಾ ಅಂತ ಇಣುಕಿ ನೋಡಿ. ಇದ್ದರೆ ಎಳೆಯಬಾರದು. ಅದು ಕೂರುವ ಕನೆಕ್ಟರಿನಲ್ಲಿ ಉಗುರಿನಷ್ಟು ಸಣ್ಣ ರೆಪ್ಪೆ ಇರುತ್ತದೆ. ಉಗುರಿನಿಂದಲೇ ರೆಪ್ಪೆಯನ್ನು ಮೇಲೆತ್ತಿದರೆ ರಿಬ್ಬನ್ ತಾನೇ ಸಡಿಲವಾಗುತ್ತದೆ. ಒಳಗೆ ಏನನ್ನಾದರೂ ಮುಟ್ಟುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ.

ಹಾರ್ಡ್ ಡಿಸ್ಕ್ ಗುರುತು ಹಿಡಿಯುವುದು ಸುಲಭ, ಇಸ್ಪೀಟು ಪ್ಯಾಕಿನಷ್ಟು ದೊಡ್ಡ, ಸ್ಟಿಕ್ಕರ್ ಇರುವ ಲೋಹದ ಡಬ್ಬಿ. ಅದು ಒಂದು ತಗಡಿನ ಚೌಕಟ್ಟಿನಲ್ಲಿ ಕೂತಿರುತ್ತದೆ. ಚೌಕಟ್ಟಿನ ಸ್ಕ್ರೂ ತೆಗೆದು, ಡಿಸ್ಕನ್ನು ಮೇಲಕ್ಕಲ್ಲ, ಕನೆಕ್ಟರಿನಿಂದ ಹಿಂದಕ್ಕೆ ನೇರವಾಗಿ ಸರಿಸಿ. ಬಿಡಿಸಿಕೊಂಡ ಮೇಲೆ ಎತ್ತಿ. ಆ ಚೌಕಟ್ಟು ಹೊಸ ಎಸ್‌ಎಸ್‌ಡಿ ಜೊತೆ ಬರುವುದಿಲ್ಲ, ಹಳೆಯದನ್ನೇ ಬಿಚ್ಚಿ ಹೊಸದಕ್ಕೆ ಹಾಕಬೇಕು. ಕನೆಕ್ಟರ್ ಯಾವ ಕಡೆ ಇತ್ತೋ ಅದೇ ಕಡೆಗೆ ಬರಲಿ. ಕನೆಕ್ಟರಿನ ಎರಡು ತುಂಡೂ ಎಲ್ ಆಕಾರದಲ್ಲಿ ಇರುವುದರಿಂದ ತಲೆಕೆಳಗಾಗಿ ಹೋಗುವುದಿಲ್ಲ. ಹೋಗುತ್ತಿಲ್ಲ ಅಂದರೆ ತಿರುಗಿಸಿ ನೋಡಿ, ಒತ್ತಬೇಡಿ. ಎಸ್‌ಎಸ್‌ಡಿ ಕೈಗೆ ತಗೊಂಡರೆ ಖಾಲಿ ಡಬ್ಬಿ ಕೊಟ್ಟಿದ್ದಾರೇನೋ ಅನ್ನುವಷ್ಟು ಹಗುರ ಇರುತ್ತದೆ. ಅದು ಹಾಗೇ.

ಇಷ್ಟಾದ ಮೇಲೆ ಎಲ್ಲ ಸ್ಕ್ರೂ ಬಿಗಿದುಬಿಡಬೇಡಿ. ಮುಚ್ಚಳ ಕೂರಿಸಿ ಎರಡು ಸ್ಕ್ರೂ ಹಾಕಿ ಆನ್ ಮಾಡಿ. ಎಚ್‌ಪಿಯಲ್ಲಿ ಎಫ್10, ಡೆಲ್ ಮತ್ತು ಲೆನೊವೊದಲ್ಲಿ ಎಫ್2 ಒತ್ತಿದರೆ ಬಯಾಸ್, ಅಂದರೆ ವಿಂಡೋಸ್‌ಗೂ ಮೊದಲು ಬರುವ ಲ್ಯಾಪ್‌ಟಾಪಿನದೇ ಸೆಟ್ಟಿಂಗ್ ಪರದೆ, ತೆರೆಯುತ್ತದೆ. ಅಲ್ಲಿ ಹೊಸ ಡಿಸ್ಕಿನ ಹೆಸರು ಕಂಡರೆ ಗೆದ್ದಿರಿ. ಕಾಣದಿದ್ದರೆ ಹೆಚ್ಚಿನ ಸಲ ಕನೆಕ್ಟರ್ ಪೂರ್ತಿ ಕೂತಿರುವುದಿಲ್ಲ. ಮತ್ತೆ ತೆಗೆದು ಕೂರಿಸಿ.

ಆಮೇಲೆ ವಿಂಡೋಸ್ ಪೆನ್ ಡ್ರೈವ್ ಚುಚ್ಚಿ, ಡೆಲ್, ಲೆನೊವೊ ಆದರೆ ಎಫ್12, ಎಚ್‌ಪಿ ಆದರೆ ಎಸ್ಕೇಪ್ ಒತ್ತಿ ಎಫ್9, ಪೆನ್ ಡ್ರೈವ್ ಆಯ್ಕೆ ಮಾಡಿ. ಪ್ರಾಡಕ್ಟ್ ಕೀ ಕೇಳಿದರೆ ನನ್ನ ಹತ್ತಿರ ಇಲ್ಲ ಅನ್ನುವುದನ್ನು ಒತ್ತಿ. ಲ್ಯಾಪ್‌ಟಾಪ್ ಜೊತೆ ಬಂದ ವಿಂಡೋಸಿನ ಪರವಾನಗಿ ಮದರ್‌ಬೋರ್ಡಿಗೆ ಸೇರಿದ್ದು, ಡಿಸ್ಕಿಗಲ್ಲ. ಇಂಟರ್‌ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತದೆ. ಯಾವ ಆವೃತ್ತಿ ಅಂತ ಕೇಳಿದರೆ ಮೊದಲಿದ್ದದ್ದನ್ನೇ ಆರಿಸಬೇಕು. ನಮ್ಮಲ್ಲಿ ಮಾರಿದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಇರುವುದು 'ಹೋಮ್ ಸಿಂಗಲ್ ಲ್ಯಾಂಗ್ವೇಜ್'. ನಿಮ್ಮದು ಯಾವುದು ಅಂತ ಬಿಚ್ಚುವ ಮುಂಚೆಯೇ ಸೆಟ್ಟಿಂಗ್ಸ್‌ನ 'ಅಬೌಟ್' ಪುಟದಲ್ಲಿ ನೋಡಿ ಬರೆದಿಟ್ಟುಕೊಳ್ಳಿ.

ಎಲ್ಲಿ ಹಾಕಬೇಕು ಅಂತ ಕೇಳುವ ಪರದೆಯಲ್ಲಿ ಒಂದು ನಿಮಿಷ ಕೈ ಕಟ್ಟಿಕೊಂಡು ಕೂತು ಓದಿ. ಆ ಹೊತ್ತಿಗೆ ಲ್ಯಾಪ್‌ಟಾಪಿಗೆ ಹೊಸ ಎಸ್‌ಎಸ್‌ಡಿ ಮತ್ತು ವಿಂಡೋಸ್ ಪೆನ್ ಡ್ರೈವ್ ಬಿಟ್ಟು ಬೇರೇನೂ ಅಂಟಿಕೊಂಡಿರಬಾರದು. ಬ್ಯಾಕಪ್ ಇರುವ ಎಕ್ಸ್‌ಟರ್ನಲ್ ಡಿಸ್ಕ್ ಬೀರುವಿನಲ್ಲಿ ಇರಲಿ. ಒಂದು ಸಲ ನಾನು ರಾತ್ರಿ ಹನ್ನೊಂದಕ್ಕೆ, ನಿದ್ದೆಗಣ್ಣಿನಲ್ಲಿ, ಪಟ್ಟಿಯಲ್ಲಿ ಕಂಡ ದೊಡ್ಡ ಡಿಸ್ಕನ್ನು ಹೊಸದು ಅಂದುಕೊಂಡು 'ಡಿಲೀಟ್' ಒತ್ತಿದೆ. ಅದು ನನ್ನ ಬ್ಯಾಕಪ್. ಮಗಳ ಮೊದಲ ಎರಡು ವರ್ಷದ ಫೋಟೊಗಳಲ್ಲಿ ಅರ್ಧ ವಾಪಸ್ ಬಂದವು, ಅರ್ಧ ಬರಲಿಲ್ಲ. ನಿಮ್ಮ ಪರದೆಯಲ್ಲಿ 'ಅನ್‌ಅಲೊಕೇಟೆಡ್ ಸ್ಪೇಸ್' ಅಂತ 447 ಅಥವಾ 476 ಜಿಬಿಯ ಒಂದು ಸಾಲು ಕಾಣಬೇಕು. ಅದನ್ನು ಆರಿಸಿ 'ನೆಕ್ಸ್ಟ್' ಒತ್ತಿ. ವಿಂಗಡಣೆ ಎಲ್ಲ ಅದೇ ಮಾಡಿಕೊಳ್ಳುತ್ತದೆ.

ವಿಂಡೋಸ್ ಬಂದ ಮೇಲೆ ವೈಫೈ ಕಾಣದಿದ್ದರೆ ಗಾಬರಿ ಬೇಡ. ಮೊಬೈಲನ್ನು ಯುಎಸ್‌ಬಿ ಕೇಬಲಿನಿಂದ ಜೋಡಿಸಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿ. ಇಂಟರ್‌ನೆಟ್ ಸಿಗುತ್ತದೆ, ಡ್ರೈವರುಗಳು ಒಂದೊಂದಾಗಿ ಇಳಿಯುತ್ತವೆ. ಮೊದಲು ನುಡಿ ಹಾಕಿ, ಒಂದು ಹಳೆಯ ಪ್ರಶ್ನೆಪತ್ರಿಕೆ ತೆರೆದು ಒತ್ತಕ್ಷರ ಸರಿಯಾಗಿ ಕೂತಿವೆಯಾ ನೋಡಿ. ಎಸ್‌ಎಸ್‌ಡಿಗೆ ಡಿಫ್ರಾಗ್ ಮಾಡಿಸುವ ಸಾಫ್ಟ್‌ವೇರ್ ಯಾರಾದರೂ ಹೇಳಿದರೆ ಹಾಕಬೇಡಿ. ತಟ್ಟೆಯೇ ಇಲ್ಲದ ಮೇಲೆ ಅದರಿಂದ ಲಾಭ ಇಲ್ಲ, ಚಿಪ್ ಸವೆಯುತ್ತದೆ ಅಷ್ಟೇ. 4 ಜಿಬಿ ರ‍್ಯಾಮ್ ಕಡಿಮೆಯೇ. ಮುಚ್ಚಳ ತೆಗೆದಾಗ ರ‍್ಯಾಮಿನ ಎರಡನೇ ಜಾಗ ಖಾಲಿ ಇದೆಯಾ ನೋಡಿ ಫೋಟೊ ಇಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ತೆಗೆದ ಹಾರ್ಡ್ ಡಿಸ್ಕನ್ನು ಎಸ್‌ಎಸ್‌ಡಿ ಬಂದ ಕವರಿಗೆ ಹಾಕಿ ಮೂರು ತಿಂಗಳು ಇಟ್ಟಿರಿ. ಫೈಲ್ ಇಡಲು ಅದನ್ನು ಬಳಸಬೇಡಿ. ಕಾಪಿ ಮಾಡುವಾಗಲೇ ಅದು ಪೂರ್ತಿ ಕೈಕೊಟ್ಟರೆ, ಕಂಪ್ಯೂಟರ್ ಅದನ್ನು ಗುರುತೇ ಹಿಡಿಯದಿದ್ದರೆ, ಅಲ್ಲಿಗೆ ನಿಲ್ಲಿಸಿ. ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆ ಅಂತ ಹೇಳುವವರು ಈಗಲೂ ಇದ್ದಾರೆ. ಒಳಗೆ ನೀರಿನ ಹನಿ ಕೂತರೆ ಇದ್ದದ್ದೂ ಹೋಗುತ್ತದೆ. ಡಬ್ಬಿ ಬಿಚ್ಚಿ ನೋಡುವುದಂತೂ ಬೇಡವೇ ಬೇಡ. ಅಂಥ ಡಿಸ್ಕಿನಿಂದ ಡೇಟಾ ತೆಗೆಯುವವರು ಧೂಳಿಲ್ಲದ ಕೋಣೆಯಲ್ಲಿ ತೆಗೆಯುತ್ತಾರೆ, ಖರ್ಚೂ ಲ್ಯಾಪ್‌ಟಾಪಿನ ಬೆಲೆಯನ್ನೇ ಮೀರಬಹುದು. ಫೋಟೊಗಳಿಗೆ ಅಷ್ಟು ಬೆಲೆ ಇದೆಯಾ ಅನ್ನುವುದು ನಿಮ್ಮ ಲೆಕ್ಕ.

ಇದನ್ನೆಲ್ಲ ಓದಿ ಬೇಡಪ್ಪ ಅನ್ನಿಸಿದರೆ ಅಂಗಡಿಗೇ ಕೊಡಿ, ನಾಚಿಕೆ ಏನಿಲ್ಲ. ಆದರೆ ಕಾಪಿ ಕೆಲಸ ಮನೆಯಲ್ಲೇ ಮುಗಿಸಿ ಹೋಗಿ. ಎರಡು ದಿನ ಬಿಡುವ ಅಗತ್ಯ ಇಲ್ಲ. ಎದುರಿಗೇ ಬದಲಾಯಿಸಿ ಕೊಡಿ ಅನ್ನಿ, ಹಳೆಯ ಡಿಸ್ಕ್ ವಾಪಸ್ ಇಸಿದುಕೊಳ್ಳಿ. ಅದರಲ್ಲಿ ನಿಮ್ಮ ಮನೆಯ ಫೋಟೊ, ಆಧಾರ್ ಪ್ರತಿ, ಬ್ಯಾಂಕ್ ಪುಸ್ತಕದ ಸ್ಕ್ಯಾನ್ ಎಲ್ಲ ಇರುತ್ತವೆ, ಅಲ್ವಾ?

ಶಾಲೆಯ ಆ ಎರಡು ಲ್ಯಾಪ್‌ಟಾಪುಗಳ ವಿಷಯ. ಕೆಲಸ ಇದೇ, ಕೈಯೂ ಈಗ ಪಳಗಿರುತ್ತದೆ. ಆದರೆ ಅವು ಸ್ಟಾಕ್ ರಿಜಿಸ್ಟರಿನಲ್ಲಿ ಇರುವ ವಸ್ತು. ಮುಖ್ಯೋಪಾಧ್ಯಾಯರಿಂದ ಒಂದು ಸಾಲು ಬರಹದಲ್ಲಿ ತಗೊಳ್ಳದೆ ಸ್ಕ್ರೂಡ್ರೈವರ್ ಮುಟ್ಟಿಸಬೇಡಿ, ಹಳೆಯ ಡಿಸ್ಕುಗಳನ್ನೂ ರಿಜಿಸ್ಟರಿಗೆ ಬರೆಸಿಯೇ ಬೀರುವಿನಲ್ಲಿಡಿ. ಇಲ್ಲದಿದ್ದರೆ ಆಡಿಟ್‌ಗೆ ಬಂದವರು ಕೇಳುವ ಪ್ರಶ್ನೆಗೆ ಉತ್ತರ ಬರೆಯುವುದು ನೀವೇ ಆಗುತ್ತೀರಿ.